ಮಗನ ಜೀಪನ್ನು ಮನೆಗೆ ತರುವ ದಿನ

ನೋಡು, ಬೆಳಗಿನ ಜಾವ ನಿನಗೆ ಆಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸದೆ ಈ ಚೀಟಿ ಬರೆದಿಟ್ಟು ಹೋಗುತ್ತಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಡ.

ಬಕೆಟ್ಟಿನಲ್ಲಿರುವ ನನ್ನ ಅಂಗಿಯನ್ನು ತಿಕ್ಕಬೇಡ, ಅದು ಗ್ರೀಸ್ ಕಲೆ. ಸಂಜೆ ವಾಕಿಂಗ್ ಎಂದು ನಿನಗೆ ಸುಳ್ಳು ಹೇಳುತ್ತಿದ್ದೆ. ಮಗ ಗುಡ್ಡ ಹತ್ತಿಸುತ್ತಿದ್ದ ಆ ಹಳೆ ಜೀಪು, ಅವನು ತೀರಿಕೊಂಡಾಗ ಅರ್ಧ ಬಿಚ್ಚಿದ ಹಾಗೇ ಅವನ ಗೆಳೆಯನ ಗ್ಯಾರೇಜಿನಲ್ಲಿ ಉಳಿದಿತ್ತಲ್ಲ, ಅದರ ರಿಪೇರಿ ಕಲಿಯುತ್ತಿದ್ದೆ. ನಟ್ಟು ಬೋಲ್ಟು ಗೊತ್ತಿಲ್ಲದ ನನಗೆ ಆ ಗೆಳೆಯನೇ ಕೈಹಿಡಿದು ಕಲಿಸಿದ. ಮೊನ್ನೆ ಒಂದು ಪೈಪನ್ನು ತಪ್ಪಾಗಿ ಜೋಡಿಸಿದೆ. "ಅಂಕಲ್, ಅವನೂ ಇದನ್ನ ಹೀಗೇ ಉಲ್ಟಾ ಹಾಕಿದ್ದ" ಎಂದು ನಕ್ಕ. ಆಮೇಲೆ ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡ.

ಮಗ ಇದ್ದಾಗ ನಾನು ಒಂದು ದಿನವೂ ಅವನಿಗೆ ಸ್ಪ್ಯಾನರ್ ಎತ್ತಿಕೊಡಲಿಲ್ಲ. ಗುಜರಿ ಎಂದು ಆಡಿಕೊಂಡೆ. ಆಗ ನೀನು ಬೈದದ್ದು ಸರಿಯಾಗಿತ್ತು.

ಗೇಟು ಪೂರ್ತಿ ತೆಗೆದಿಡು. ಹನ್ನೊಂದರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಅದೇ ಸದ್ದು ಕೇಳಿಸುತ್ತದೆ. ಅವನೇ ಬಂದ ಎಂದುಕೊಂಡು ಬಾಗಿಲಿಗೆ ಓಡಿ ಬರಬೇಡ ಕಣೇ. ಬರುವವನು ನಾನು.