ಕ್ರೀಮು ಹಚ್ಚಿಕೊಂಡೇ ಬಾಗಿಲು ತೆರೆ

ಅಣ್ಣಾ,

ನಿನ್ನ ಮಗಳಿಗೆ ಏಳು ತುಂಬಿದರೂ ಒಬ್ಬ ಗೆಳತಿಯೂ ಇರಲಿಲ್ಲ. ನಿನ್ನೆ ಮೇಲಿನ ಮನೆಯ ಮೂವರು ಹುಡುಗಿಯರು ತಾವಾಗಿಯೇ ಆಡಲು ಬಂದರು. ಇವತ್ತೂ ನಾಲ್ಕಕ್ಕೆ ಬರುತ್ತಾರೆ. ನಾನು ಕೆಲಸಕ್ಕೆ ಹೊರಟೆ, ನೀನೇ ನೋಡಿಕೊ.

ನೆಂಟರು ಬಂದರೆಂದು ಪರದೆ ಸರಿಸಬೇಡ. ಬಚ್ಚಲ ಕಿಟಕಿಯ ಕಪ್ಪು ಹಾಳೆ ಒಂದು ಮೂಲೆಯಲ್ಲಿ ಎದ್ದಿದೆ, ಮೊದಲು ಅದನ್ನು ಅಂಟಿಸು. ಹೋದ ಸಲ ಸಂದಿಯಿಂದ ಬಿದ್ದ ಅಷ್ಟು ಬಿಸಿಲಿಗೇ ನಿನ್ನ ಮಗಳ ಕೈಯೆಲ್ಲ ಬೊಬ್ಬೆ ಎದ್ದಿತ್ತು, ಮರೆತಿಲ್ಲ ತಾನೇ?

ಬೀರುವಿನಲ್ಲಿ ಸನ್‌ಸ್ಕ್ರೀನಿನ ಹೊಸ ಟ್ಯೂಬಿದೆ. ಅವಳು ಅಳಬಾರದೆಂದು ನಾವೂ ದಿನಾ ಹಚ್ಚಿಕೊಳ್ಳುತ್ತ ಬಂದೆವಲ್ಲ, ಜಗತ್ತೆಲ್ಲ ಹಾಗೇ ಅಂದುಕೊಂಡಿದ್ದಾಳೆ. ನಿನ್ನೆ ಬಾಗಿಲಿಗೆ ಅಡ್ಡ ನಿಂತು, "ಮೊದ್ಲು ಕ್ರೀಮು ಹಚ್ಕೊಳ್ರೇ, ಆಮೇಲೆ ಒಳಗೆ" ಅಂದಳು. ಮೂವರೂ ಸಾಲಾಗಿ ಮುಖ ಒಡ್ಡಿದರು.

"ನಮ್ಮನೇಲಿ ಯಾರೂ ಹಚ್ಚಲ್ವಲ್ಲ?" ಅಂದಳು ದೊಡ್ಡವಳು.

"ನಿಮ್ಮಮ್ಮಂಗೆ ಗೊತ್ತಿಲ್ಲ ಕಣೇ, ಪಾಪ. ನಮ್ಮತ್ತೆ ಹೇಳ್ಕೊಡ್ತಾಳೆ ಬಿಡು."

ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ. ನೀನು ನಕ್ಕು ಕೆಡಿಸಬೇಡ, ತೆಪ್ಪಗೆ ಹಚ್ಚಿಕೊಂಡೇ ಬಾಗಿಲು ತೆರೆ.

ನಿನ್ನೆಯ ನಷ್ಟ: ಗಾಜಿನ ಲೋಟ ಎರಡು, ದಿಂಬು ಒಂದು, ಸನ್‌ಸ್ಕ್ರೀನ್ ಪೂರ್ತಿ ಒಂದು ಟ್ಯೂಬು.