ಮೂರನೆಯ ಸಹಿ

ಮನೆಯಿಂದ,
೧೪ ನವೆಂಬರ್ ೧೯೬೪

ಪ್ರೀತಿಯ ಗೇಜಾ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆದಿಲ್ಲ. ಬರೆಯಲು ಕೂತೆ, ನಿನ್ನ ಹೆಸರಿನಾಚೆ ಪೆನ್ನು ಹೋಗಲಿಲ್ಲ. ತಪ್ಪು ನನ್ನದೇ ಮಗಳೇ. ಗ್ಯೋಟಿಂಗೆನ್‌ನಲ್ಲಿ ಚಳಿ ಹಿಡಿದಿರಬೇಕು. ಅಮ್ಮ ಉಣ್ಣೆಯ ಕೈಗವಸು ಕಳಿಸಿದ್ದಾಳೆ, ಹಾಕಿಕೋ.

ಹೋದ ತಿಂಗಳು ಮಟಿಲ್ಡ ಬ್ರೂಗನ್ ಎಂಬಾಕೆ ಕೋರ್ಟಿನಲ್ಲಿ ನನ್ನ ಕೋಣೆಗೆ ಬಂದರು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಾರೆ. ಗಂಡ ಓಟ್ಟೊ ಬಡಗಿ. ನಲವತ್ತನಾಲ್ಕರಲ್ಲಿ, ಯುದ್ಧದ ಸಮಯ, ಊರಿನ ಮೇಲೆ ಬಾಂಬು ಬಿದ್ದ ಮರುದಿನ, ಕುಸಿದ ಮನೆಯೊಂದರಿಂದ ಮಗಳಿಗೆಂದು ಒಂದು ಕೋಟು ಎತ್ತಿಕೊಂಡ. ಅದು ಲೂಟಿ ಎಂದು ಮರಣದಂಡನೆ ಆಯಿತು.

"ಇವತ್ತಿಗೂ ನನ್ನ ಮಗಳನ್ನ ಕಳ್ಳನ ಮಗಳು ಅಂತಾರೆ ಸ್ವಾಮಿ. ಆ ತೀರ್ಪು ತಪ್ಪು ಅಂತ ಬರ್ಕೊಡಿ, ಸಾಕು. ಇಪ್ಪತ್ತು ವರ್ಷದಲ್ಲಿ ಕೂರಿಸಿ ಕೇಳಿದವರು ನೀವೊಬ್ಬರೇ," ಎಂದರು.

ಹಳೆಯ ಕಡತ ತರಿಸಿ ಓದಿದೆ. ಮರುದಿನ ಬೆಳಿಗ್ಗೆಯೇ ನಮ್ಮ ಮುಖ್ಯ ನ್ಯಾಯಾಧೀಶ ಫೋಸ್‌ನ ಬಳಿ ಹೋಗಿ, ಆ ತೀರ್ಪನ್ನು ಮತ್ತೆ ವಿಚಾರಣೆಗೆ ತರಬೇಕು ಎಂದೆ.

"ನಿನ್ನ ನಿವೃತ್ತಿಗೆ ಇನ್ನೆರಡೇ ವರ್ಷ. ಸತ್ತವನ ಗೋರಿ ಯಾಕೆ ಕೆದಕ್ತೀಯ? ಅವತ್ತಿನ ಕಾನೂನು ಹಾಗಿತ್ತು," ಎಂದ.

"ಕಾನೂನು ಕಾಗದದ ಮೇಲಿತ್ತು. ಅದನ್ನ ಬಡಗಿಯ ಕುತ್ತಿಗೆಗೆ ತಂದಿದ್ದು ನಾವು."

"ನಾವು ಅನ್ಬೇಡ. ನಾನು ಆಗ ಇಲ್ಲಿರಲಿಲ್ಲ."

ರಾಜೀನಾಮೆ ಅವನ ಮೇಜಿನ ಮೇಲಿಟ್ಟು ಬಂದೆ. ಆಕೆಯ ಹೆಸರಿನಲ್ಲಿ ಅರ್ಜಿ ಹಾಕಿಸಿದೆ, ಅದು ಅಂಗೀಕಾರವಾಗಿ ಜನವರಿಯಲ್ಲಿ ಮರುವಿಚಾರಣೆ. ನಾನು ಪೀಠದಲ್ಲಿರುವುದಿಲ್ಲ, ಸಾಕ್ಷಿಕಟ್ಟೆಯಲ್ಲಿ ನಿಲ್ಲುತ್ತೇನೆ. ಅಮ್ಮನಿಗೂ ಹೇಳಿದೆ. "ಕರಿ ಕೋಟು ಇಸ್ತ್ರಿ ಮಾಡಿಡ್ತೀನಿ. ಸಾಕ್ಷಿ ಹೇಳೋನು ಸುಕ್ಕು ಬಟ್ಟೇಲಿ ಹೋಗಬಾರದು," ಎಂದಳು.

ಪತ್ರಿಕೆಯವರು ಬರೆಯುತ್ತಾರೆ, ಜನ ಆಡಿಕೊಳ್ಳುತ್ತಾರೆ. ನಾನು ಹಿಂದೆ ಸರಿಯುವುದಿಲ್ಲ. ನೀನು ಓದುತ್ತಿರುವುದೂ ಕಾನೂನೇ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನೆಟ್ಟಗೆ ನಡೆಸಲಿ.

ನಿನ್ನ ಅಪ್ಪ,
ರೈನ್‌ಹೋಲ್ಟ್ ಟೀಟ್ಯೆನ್

ತಾ.ಕ.: ಯುದ್ಧದ ಕಾಲದಲ್ಲಿ ಏನು ಮಾಡುತ್ತಿದ್ದಿರಿ ಎಂದು ಈಸ್ಟರ್‌ಗೆ ಬಂದಾಗ ನೀನು ಕೇಳಿದ್ದೆ. ಕಡತ ನೋಡುತ್ತಿದ್ದೆ ಎಂದು ಹಾರಿಸಿಬಿಟ್ಟಿದ್ದೆ. ಆ ತೀರ್ಪಿನ ಕೆಳಗೆ ಮೂರು ಸಹಿಗಳಿವೆ. ಮೂರನೆಯದು ನನ್ನದು. ನಮ್ಮ ಮೂವರಲ್ಲಿ ನಾನೇ ಕಿರಿಯ. ಓಟ್ಟೊ ಬ್ರೂಗನ್ ನನ್ನ ಕಡೆ ತಿರುಗಿ, "ನಿಮಗೂ ಮಕ್ಕಳಿರಬೇಕಲ್ಲ," ಎಂದಿದ್ದ. ನಿನಗಾಗ ಒಂದು ವರ್ಷ. ಮಟಿಲ್ಡ ಬ್ರೂಗನ್ ಹೆಸರು ಹೇಳಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು, ಆದರೂ ನನ್ನ ಸಹಿಯ ವಿಷಯ ಹೇಳದೆಯೇ ಕಳಿಸಿದೆ. ನಾಳೆ ಭಾನುವಾರ. ಕೋರ್ಟಿನಲ್ಲಿ ಬೇರೆಯವರ ಬಾಯಿಂದ ಕೇಳುವ ಮೊದಲು, ಆಕೆಯ ಮನೆಗೆ ಹೋಗಿ ನಾನೇ ಹೇಳುತ್ತೇನೆ.