ಬೇರೆ ಯಾರದೋ ಹೃದಯವನ್ನು ಹೊಗಳಿದ ನಿನ್ನ ಅಪ್ಪ

ನನ್ನೊಳಗೆ ಮಗ್ಗುಲು ಬದಲಿಸುತ್ತಿರುವ ಮುದ್ದೇ,

ನಿನ್ನ ಅಪ್ಪ ಸಿಂಡ್ರೆಯ ಮೇಲೆ ದೂರು ಹೇಳಿಕೊಳ್ಳಲು ನಾರ್ವೆಯ ಈ ಟ್ರೋನ್‌ಹೈಮ್‌ನಲ್ಲಿ ನನಗೆ ನಿನಗಿಂತ ಹತ್ತಿರದವರು ಯಾರಿದ್ದಾರೆ? ನಮ್ಮ ಮದುವೆಯಾಗಿ ಒಂದು ಬೇಸಿಗೆ ಕಳೆದಿದೆ, ಅಷ್ಟೆ. ಈಗಲೂ ಅವನು ಸೈಕಲ್ ಏರಿ ಆಸ್ಪತ್ರೆಗೆ ಹೊರಟರೆ, ಸೇತುವೆ ದಾಟಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತು ಕೈಬೀಸುತ್ತೇನೆ. ಅಂಥ ನನಗೆ ಅವನು ಏನು ಮಾಡಿದ ಗೊತ್ತೇ?

ಇನ್ನೂ ಹುಟ್ಟದ ಮಕ್ಕಳ ಹೃದಯ ಅಳೆಯುವುದು ಅವನ ಕೆಲಸ. ಆರೋಗ್ಯವಂತ ಬಸುರಿಯರ ಸ್ಕ್ಯಾನ್ ನೋಡಿ, ಪ್ರತಿ ಬಡಿತಕ್ಕೂ ಹೃದಯದ ಗೋಡೆ ಎಷ್ಟು ಇಳಿದು ಏರುತ್ತದೆ, ಎಷ್ಟು ರಕ್ತ ನೂಕುತ್ತದೆ ಎಂದು ಗುರುತು ಹಾಕುತ್ತಾನೆ. ಸರಿಯಾದ ಹೃದಯ ಹೇಗಿರುತ್ತದೆಂದು ತಿಳಿದರೆ ತಾನೇ ಸರಿಯಿಲ್ಲದ್ದನ್ನು ಹಿಡಿಯಲಾಗುವುದು? ಸ್ಕ್ಯಾನ್ ಮಾಡುವವಳು ಸೂಲಗಿತ್ತಿ ತೂರ್ದಿಸ್. ಅವಳು ತಾಯಂದಿರ ಹೆಸರು ಅಳಿಸಿ ಚಿತ್ರಗಳನ್ನಷ್ಟೇ ಅವನಿಗೆ ಕಳಿಸುತ್ತಾಳೆ. ಯಾರ ಮಗುವೆಂದು ತಿಳಿದರೆ ಅಳೆಯುವವನ ಕೈ ವಾಲುತ್ತದಂತೆ. ನಾನೂ ಆ ಬಸುರಿಯರಲ್ಲಿ ಒಬ್ಬಳು. ನಿನ್ನ ಹೃದಯವೂ ಆ ರಾಶಿಯಲ್ಲೆಲ್ಲೋ ಇತ್ತು.

ಒಂದು ಸಂಜೆ ಮೀನಿನ ವಡೆ ತಿನ್ನುತ್ತಾ ಅಂದ, “ಇವತ್ತೊಂದು ಹೃದಯ ನೋಡ್ದೆ ರಾಗ್ನಾ. ಏನ್ ಚೆಂದ ಬಡ್ಕೊಳ್ಳುತ್ತೆ ಅಂತೀಯ. ಕೆಲಸ ಮುಗಿದ್ಮೇಲೂ ನೋಡ್ತಾನೇ ಕೂತಿದ್ದೆ.”

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ನಮ್ಮ ಕಡೆಯವರ ಬಾಯಲ್ಲಿ “ಪರವಾಗಿಲ್ಲ” ಎಂಬುದೇ ದೊಡ್ಡ ಹೊಗಳಿಕೆ. ಮದುವೆಯ ದಿನ ಅಜ್ಜಿಯ ಬೆಳ್ಳಿ ಪದಕಗಳನ್ನೆಲ್ಲ ಹೇರಿಕೊಂಡು ಬಂದ ನನಗೂ ಅವನಿಂದ ದಕ್ಕಿದ್ದು ಅದೇ “ಪರವಾಗಿಲ್ಲ”. ಯಾವಳದೋ ಹೊಟ್ಟೆಯೊಳಗಿನ ಹೃದಯಕ್ಕೆ ಮಾತ್ರ “ಏನ್ ಚೆಂದ”!

ಅಂದಿನಿಂದ ಬಸ್ಸಿನಲ್ಲಿ, ಈಜುಕೊಳದಲ್ಲಿ ಕಂಡ ಬಸುರಿಯರನ್ನೆಲ್ಲ ದುರುಗುಟ್ಟಿ ನೋಡಿದೆ. ಇವಳದೋ? ಆ ಕೆಂಪು ಟೋಪಿಯವಳದೋ? ಆ ಮಗು ಮುಂದೆ ಸ್ಕೀ ಆಟದಲ್ಲಿ ನಿನ್ನ ಹಿಂದೆಯೇ ಉಳಿಯಲಿ ಎಂದು ಶಪಿಸಿದೆ. ಈ ಹೊಟ್ಟೆಕಿಚ್ಚಿನ ಬಿಸಿ ನಿನಗೆ ತಗುಲೀತೆಂದು ಹೆದರಿ ತಣ್ಣನೆಯ ಹಾಲು ಕುಡಿದೆ. ಆ ಹೃದಯ ಯಾರದೆಂದು ತೂರ್ದಿಸ್‌ಳನ್ನು ಪೀಡಿಸಿದರೆ ನಕ್ಕುಬಿಟ್ಟಳು. “ರಾಜ ಬಂದು ಕೇಳಿದ್ರೂ ಹೇಳಲ್ಲ ಹುಡುಗಿ. ನಿಂದೇ ಅಂದ್ಕೊಂಡು ಹೋಗಿ ನಿದ್ದೆ ಮಾಡು.”

ನಾನು ಹಾಗೇ ಅಂದುಕೊಂಡಿದ್ದೆ ಕೂಡ, ಕಳೆದ ಶುಕ್ರವಾರದವರೆಗೆ. ಅಳತೆಯೆಲ್ಲ ಮುಗಿದ ಮೇಲೆ ತಾಯಂದಿರಿಗೆ ಫಲಿತಾಂಶ ಹೇಳುತ್ತಾರೆ. ತೂರ್ದಿಸ್ ಪರದೆಯ ಮೇಲೆ ಸರಿಯಾದ ಹೃದಯಗಳ ಮೇಲ್ಮಿತಿ, ಕೆಳಮಿತಿಯ ಎರಡು ಗೆರೆ ತೋರಿಸಿದಳು. ನೀನು ಅವುಗಳ ನಟ್ಟನಡುವೆ ಒಂದು ಚುಕ್ಕೆ.

“ಅಷ್ಟೇನಾ?” ಎಂದೆ.

“ಅಷ್ಟೇ ಕಣೇ ಬೇಕಾಗಿರೋದು.”

ಮುಖ ಊದಿಸಿಕೊಂಡು ಮನೆಗೆ ಬಂದೆ. ಸಿಂಡ್ರೆ ಒಳಗೆ ಕಾಲಿಡುತ್ತಿದ್ದಂತೆ ಅಂದೆ, “ನಮ್ದು ನಟ್ಟನಡುವೆಯಂತೆ. ನಿನ್ನ ಆ ಚೆಂದುಳ್ಳಿ ಬೇರೆ ಯಾರದೋ.”

ಅವನು ಹೆಲ್ಮೆಟ್ ಕೂಡ ತೆಗೆಯದೆ ಬಾಗಿಲಲ್ಲೇ ಕೂತುಬಿಟ್ಟ. ಅಳುತ್ತಿದ್ದ. “ಪ್ರತಿ ಸಲಾನೂ ಇದು ನಮ್ದೇನೋ ಅಂತ ಎರಡೆರಡು ಸಲ ಅಳೀತಿದ್ದೆ ರಾಗ್ನಾ. ಕೇಳೋ ಹಾಗಿಲ್ಲ. ಅವತ್ತು ಆ ಚೆಂದದ್ದು ಕಂಡಾಗ, ದೇವ್ರೇ, ಇದೇ ನಮ್ದಾಗಿರ್ಲಿ ಅಂತ ನೋಡ್ತಾ ಕೂತಿದ್ದೆ.” ಆಮೇಲೆ ಹೆಲ್ಮೆಟ್ಟಿನ ಸಮೇತ ನನ್ನ ಹೊಟ್ಟೆಗೆ ಕಿವಿಯಿಟ್ಟು “ನಟ್ಟನಡುವೆ, ನಟ್ಟನಡುವೆ” ಎಂದು ಜಪಿಸಿದ. ಹೇಳಿದ್ದು ನನಗಲ್ಲ, ನಿನಗೆ.

ಬಸ್ಸಿನ ಆ ಹೆಂಗಸರನ್ನೆಲ್ಲ ಕ್ಷಮಿಸಿದ್ದೇನೆ. ಈಗ ನನ್ನ ಉರಿಯೆಲ್ಲ ನಿನ್ನ ಮೇಲೆ. ಅವನು ನನಗಾಗಿ ಒಮ್ಮೆಯೂ ಅತ್ತಿಲ್ಲ. ಈಗಂತೂ ಬೆಳಗಿನ ಮೊದಲ ಮುತ್ತೂ ಹೊಟ್ಟೆಗೇ ಹೋಗುತ್ತಿದೆ, ಕಳ್ಳಿ! ಒಳಗಿನಿಂದ ಒದ್ದು ನಗುತ್ತೀಯಾ?

ಬೇಗ ಹೊರಗೆ ಬಾ, ಎದುರೆದುರೇ ಜಗಳ ಆಡೋಣ. ಯಾರ ಕಣ್ಣೂ ತಾಗದಷ್ಟು ಸಾಧಾರಣವಾಗಿ ನಿನ್ನ ಹೃದಯ ನೂರು ವರ್ಷ ಬಡಿಯಲಿ.

ಇಂತಿ,
ಸದ್ಯಕ್ಕೆ ನಿನ್ನ ಸವತಿ, ಆಮೇಲೆ ತಾಯಿ,
ರಾಗ್ನಾ